ಮಣಿಪಾಲ ತಲುಪುವ ಮೊದಲು: ಉತ್ತರ ಕನ್ನಡದ ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಏಕೆ ಬೇಕು

2022ರ ಜುಲೈನಲ್ಲಿ ಹೊನ್ನಾವರದಿಂದ ಉಡುಪಿಯತ್ತ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ಗೇಟಿನಲ್ಲಿ ಜಾರಿ ಉರುಳಿಬಿತ್ತು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಅದಾದ ಮೇಲೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿ ಶಿರಸಿ-ಸಿದ್ದಾಪುರದವರೆಗೆ ಇನ್ನಷ್ಟು ಗಟ್ಟಿಯಾಯಿತು. ಬೇಡಿಕೆ ನ್ಯಾಯವಾದದ್ದೇ. ಆದರೆ ಆ ಚರ್ಚೆಯ ಗದ್ದಲದಲ್ಲಿ ಒಂದು ಪ್ರಶ್ನೆ ಹಿಂದೆ ಬಿದ್ದಿದೆ: ರೋಗಿ ಆಂಬುಲೆನ್ಸ್ ಹತ್ತುವ ಮೊದಲು, ಊರಿನ ಆಸ್ಪತ್ರೆಯಲ್ಲಿ ಕಳೆದ ಒಂದೆರಡು ತಾಸಿನಲ್ಲಿ ಅವರಿಗೆ ಏನು ಸಿಕ್ಕಿತು? ಸಿಗಬೇಕಾದದ್ದು ಸಿಕ್ಕಿತೇ? ಅದನ್ನು ಯಾರು, ಯಾವ ಅಳತೆಗೋಲಿನಿಂದ ನೋಡುತ್ತಾರೆ? ಆಸ್ಪತ್ರೆಗಳ ಮಾನ್ಯತೆ ಎಂದು ನಾವು ಕರೆಯುವ ವ್ಯವಸ್ಥೆ ಉತ್ತರಿಸಲು ಹೊರಟಿರುವುದು ಈ ಪ್ರಶ್ನೆಗಳಿಗೆ.

ಬೇರೆ ಜಿಲ್ಲೆಗಳಿಗಿಂತ ನಮ್ಮಲ್ಲಿ ಇದು ಹೆಚ್ಚು ಮುಖ್ಯವಾಗುವುದು ದೊಡ್ಡ ಆಸ್ಪತ್ರೆಗಳಿರುವ ಊರುಗಳ ದೂರದ ಕಾರಣಕ್ಕೆ. ಕಾರವಾರದಿಂದ ಮಣಿಪಾಲಕ್ಕೆ ಇನ್ನೂರು ಕಿಲೋಮೀಟರ್ ಆಸುಪಾಸು, ಗೋವಾದ ಬಾಂಬೋಲಿಂಗೆ ತೊಂಬತ್ತರ ಆಸುಪಾಸು, ಶಿರಸಿಯಿಂದ ಹುಬ್ಬಳ್ಳಿಗೆ ನೂರರ ಆಸುಪಾಸು. ಅದೂ ದಾರಿ ತೆರೆದಿದ್ದರೆ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು. ಮರುತಿಂಗಳು ಕಾಳಿ ನದಿಯ ಹಳೆಯ ಸೇತುವೆಯೇ ಕುಸಿಯಿತು. ದೇವಿಮನೆ, ಅರಬೈಲು ಘಟ್ಟಗಳಲ್ಲಿ ಮಳೆಗಾಲದ ರಾತ್ರಿ ಗಾಡಿ ಓಡಿಸುವುದು ಎಂಥದ್ದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ.

ಹೃದಯಾಘಾತವನ್ನೇ ತೆಗೆದುಕೊಳ್ಳಿ. ಎದೆನೋವು ಎಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು. ರಕ್ತನಾಳ ಪೂರ್ತಿ ಕಟ್ಟಿಕೊಂಡಿರುವುದು ಇಸಿಜಿಯಲ್ಲಿ ಕಂಡರೆ, ಅಲ್ಲಿಂದ 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ (ಕಟ್ಟಿದ ರಕ್ತನಾಳವನ್ನು ತೆರೆಯುವ ಚಿಕಿತ್ಸೆ) ಆಗುವ ಹಾಗಿದ್ದರೆ ಮಾತ್ರ ಅತ್ತ ಕಳಿಸಬೇಕು. ಇಲ್ಲವಾದರೆ ಇದ್ದಲ್ಲಿಯೇ, 30 ನಿಮಿಷದೊಳಗೆ, ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟು ಆಮೇಲೆ ಕಳಿಸಬೇಕು. ಅಂಕೋಲಾ, ಕುಮಟಾ, ಯಲ್ಲಾಪುರ, ಜೋಯಿಡಾದ ರೋಗಿಗೆ ಆ 120 ನಿಮಿಷದ ಲೆಕ್ಕ ಹೊಂದುವುದು ಕಷ್ಟ. ಹೀಗಾಗಿ ಇಲ್ಲಿಯ ಬಹುಪಾಲು ಜನರಿಗೆ ಹೃದಯ ಉಳಿಸುವ ಚಿಕಿತ್ಸೆ ಎಂದರೆ ತಾಲೂಕು ಆಸ್ಪತ್ರೆಯ ಆ ಒಂದು ಇಂಜೆಕ್ಷನ್. 2023ರಲ್ಲಿ ರಾಜ್ಯ ಸರ್ಕಾರ ಶುರುಮಾಡಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ತಿರುಳೂ ಇದೇ: ತಾಲೂಕಿನಲ್ಲಿ ಇಸಿಜಿ, ದೂರದಿಂದ ತಜ್ಞರ ಓದು, ಸ್ಥಳದಲ್ಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್. ಯಂತ್ರ ಮತ್ತು ಔಷಧ ಎರಡೂ ಇದ್ದೂ ಇಸಿಜಿ ಕಾಗದದ ರೋಲ್ ಮುಗಿದಿದ್ದರೆ, ರಾತ್ರಿಪಾಳಿಯ ಸಿಸ್ಟರಿಗೆ ಯಂತ್ರ ಹಚ್ಚಲು ಬರದಿದ್ದರೆ, ಔಷಧದ ಕಪಾಟಿನ ಕೀಲಿ ಹಗಲುಪಾಳಿಯವರ ಮನೆಯಲ್ಲಿದ್ದರೆ ಯೋಜನೆ ಅಲ್ಲಿಗೇ ನಿಲ್ಲುತ್ತದೆ. ಗುಣಮಟ್ಟ ಎಂಬುದು ಬಹುಮಟ್ಟಿಗೆ ಇಂಥ ಸಂಗತಿಗಳಲ್ಲಿ ಇರುತ್ತದೆ.

ಲೈಸೆನ್ಸ್ ಬೇರೆ, ಮಾನ್ಯತೆ ಬೇರೆ

ಖಾಸಗಿ ಆಸ್ಪತ್ರೆಯ ಗೋಡೆಯ ಮೇಲೆ ತೂಗುಹಾಕಿದ ಕೆಪಿಎಂಇ ನೋಂದಣಿ ಪತ್ರವನ್ನೇ ಗುಣಮಟ್ಟದ ಪ್ರಮಾಣಪತ್ರ ಎಂದುಕೊಳ್ಳುವವರು ಬಹಳ. ಅದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಕಡ್ಡಾಯವಾಗಿ ಪಡೆಯಬೇಕಾದ ಪರವಾನಗಿ. ಅದಿಲ್ಲದೆ ಬಾಗಿಲು ತೆರೆಯುವಂತಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ಎಕ್ಸ್-ರೇಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಕೂಡ ಇದೇ ಸಾಲಿನವು.

ಮಾನ್ಯತೆ ಹಾಗಲ್ಲ. ಆಸ್ಪತ್ರೆ ತಾನಾಗಿಯೇ ಮುಂದೆ ಬಂದು, "ನಮ್ಮ ಕೆಲಸವನ್ನು ಹೊರಗಿನವರು ಬಂದು ತೂಗಿ ನೋಡಲಿ" ಎನ್ನಬೇಕು. ನಮ್ಮ ದೇಶದಲ್ಲಿ ಖಾಸಗಿಯವರು ಹೆಚ್ಚಾಗಿ ಹೋಗುವುದು ಎನ್‌ಎಬಿಎಚ್‌ಗೆ. ಇದು ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ, ಭಾರತೀಯ ಗುಣಮಟ್ಟ ಮಂಡಳಿಯ ಅಂಗಸಂಸ್ಥೆ. ಸರ್ಕಾರಿ ಆಸ್ಪತ್ರೆಗಳಿಗೆ ಕೇಂದ್ರ ಆರೋಗ್ಯ ಇಲಾಖೆ 2013ರಲ್ಲಿ ತಂದ ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡಗಳಿವೆ. ಸಿಬ್ಬಂದಿಯ ಬಾಯಲ್ಲಿ ಅದು ಎನ್‌ಕ್ವಾಸ್. ಸ್ವಚ್ಛತೆ ಮತ್ತು ಸೋಂಕು ನಿಯಂತ್ರಣಕ್ಕೆ 2015ರಿಂದ ಕಾಯಕಲ್ಪ, ಹೆರಿಗೆ ಕೋಣೆಗೆ 2017ರಿಂದ ಲಕ್ಷ್ಯ, ಮಕ್ಕಳ ವಿಭಾಗಕ್ಕೆ 2021ರಿಂದ ಮುಸ್ಕಾನ್ ಕಾರ್ಯಕ್ರಮಗಳು ಇದರ ಜೊತೆಗಿವೆ. ಹೆಸರು ಹಲವಾದರೂ ಕ್ರಮ ಒಂದೇ: ಹೀಗಿರಬೇಕು ಎಂದು ಬರೆದಿಟ್ಟ ಪಟ್ಟಿ, ಹಾಗಿದೆಯೇ ಎಂದು ಹೊರಗಿನವರ ತಪಾಸಣೆ, ಅಂಕ, ಗಡುವು.

ಈ ವಿಚಾರ ಹೊಸದೂ ಅಲ್ಲ. 1918ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕರ ಕಾಲೇಜು 692 ದೊಡ್ಡ ಆಸ್ಪತ್ರೆಗಳನ್ನು ತಪಾಸಣೆ ಮಾಡಿತು. ಒಂದೇ ಪುಟದ ಕನಿಷ್ಠ ಮಾನದಂಡವನ್ನು ಮುಟ್ಟಿದ್ದು 89 ಮಾತ್ರ. ಆ ಪುಟದಲ್ಲಿ ಕೇಳಿದ್ದರಲ್ಲಿ ಒಂದು, ಪ್ರತಿ ರೋಗಿಯ ಕೇಸ್ ಶೀಟ್ ಪೂರ್ತಿಯಾಗಿ, ನಿಖರವಾಗಿ ಬರೆದಿರಬೇಕು ಎಂಬುದು. ನೂರು ವರ್ಷದ ಮೇಲೆಯೂ ತಪಾಸಣೆಗೆ ಬಂದವರು ಮೊದಲು ಕೈಗೆತ್ತಿಕೊಳ್ಳುವುದು ಕೇಸ್ ಶೀಟನ್ನೇ.

ಅಂಕ ಹಾಕುವುದು ಹೇಗೆ

ಎನ್‌ಕ್ವಾಸ್‌ನಲ್ಲಿ ಎಂಟು ಕ್ಷೇತ್ರಗಳಿವೆ: ಸೇವೆಗಳ ಲಭ್ಯತೆ, ರೋಗಿಯ ಹಕ್ಕು, ಸಂಪನ್ಮೂಲ, ಪೂರಕ ಸೇವೆ, ಚಿಕಿತ್ಸೆ, ಸೋಂಕು ನಿಯಂತ್ರಣ, ಗುಣಮಟ್ಟ ನಿರ್ವಹಣೆ, ಫಲಿತಾಂಶ. ಪ್ರತಿ ವಿಭಾಗಕ್ಕೂ ಪ್ರತ್ಯೇಕ ಚೆಕ್‌ಲಿಸ್ಟ್. ಪ್ರತಿ ಅಂಶಕ್ಕೆ ಪೂರ್ತಿ ಇದ್ದರೆ 2, ಅರೆಬರೆ ಇದ್ದರೆ 1, ಇಲ್ಲದಿದ್ದರೆ 0. ತಪಾಸಣೆಯವರು ನಾಲ್ಕು ದಾರಿಯಲ್ಲಿ ಖಾತ್ರಿ ಮಾಡಿಕೊಳ್ಳುತ್ತಾರೆ: ಕಣ್ಣಾರೆ ನೋಡುವುದು, ಸಿಬ್ಬಂದಿಯನ್ನು ಕೇಳುವುದು, ದಾಖಲೆ ಓದುವುದು, ರೋಗಿಯನ್ನು ಮಾತಾಡಿಸುವುದು. ಆಯಾ ಅಂಶಕ್ಕೆ ಯಾವ ದಾರಿ ಎಂಬುದನ್ನೂ ಚೆಕ್‌ಲಿಸ್ಟಿನಲ್ಲೇ ಬರೆದಿರುತ್ತದೆ.

ಪಾಸಾಗಲು ಆಸ್ಪತ್ರೆಯ ಒಟ್ಟು ಅಂಕ ಶೇ 70 ಆದರೆ ಸಾಲದು. ಪ್ರತಿ ವಿಭಾಗಕ್ಕೂ ಶೇ 70, ಎಂಟರಲ್ಲಿ ಪ್ರತಿ ಕ್ಷೇತ್ರಕ್ಕೂ ಶೇ 70, ಪ್ರತಿಯೊಂದು ಮಾನದಂಡಕ್ಕೂ ಕನಿಷ್ಠ ಶೇ 50 ಬರಬೇಕು. ಆಪರೇಷನ್ ಥಿಯೇಟರಿನ ಒಳ್ಳೆಯ ಅಂಕ ತುರ್ತು ಚಿಕಿತ್ಸಾ ವಿಭಾಗದ ಕೊರತೆಯನ್ನು ಮುಚ್ಚುವುದಿಲ್ಲ. ನಮ್ಮ ಮಟ್ಟಿಗೆ ಈ ಇಡೀ ಪದ್ಧತಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ನಿಯಮ ಇದೇ, ಏಕೆಂದರೆ ರೋಗಿಗೆ ಸರಾಸರಿ ಆಸ್ಪತ್ರೆಯಿಂದ ಏನೂ ಆಗಬೇಕಿಲ್ಲ. ಅವರು ಬಂದು ಮಲಗುವುದು ಒಂದು ನಿರ್ದಿಷ್ಟ ವಿಭಾಗದ ಒಂದು ಹಾಸಿಗೆಯಲ್ಲಿ.

ಪ್ರಮಾಣಪತ್ರದ ಅವಧಿ ಮೂರು ವರ್ಷ. ನಡುವೆ ರಾಜ್ಯದ ತಂಡ ಮತ್ತೆ ಬಂದು ನೋಡುತ್ತದೆ. ಪ್ರೋತ್ಸಾಹಧನ ಹಾಸಿಗೆಗೆ ವರ್ಷಕ್ಕೆ 10,000 ರೂಪಾಯಿ. ನೂರು ಹಾಸಿಗೆಯ ಆಸ್ಪತ್ರೆಗೆ ಹತ್ತು ಲಕ್ಷ. ಅದರಲ್ಲಿ ಮುಕ್ಕಾಲು ಪಾಲು ಆಸ್ಪತ್ರೆಯ ಸುಧಾರಣೆಗೆ, ಕಾಲು ಪಾಲು ಸಿಬ್ಬಂದಿಗೆ. ಜನರೇಟರ್ ರಿಪೇರಿಗೂ ಮೇಲಿನ ಕಚೇರಿಗೆ ಪತ್ರ ಬರೆದು ಕಾಯುವ ತಾಲೂಕು ಆಸ್ಪತ್ರೆಗೆ ತನ್ನ ಕೈಯಲ್ಲೇ ಇರುವ ಇಷ್ಟು ಹಣ ಸಣ್ಣದಲ್ಲ.

ಆಟೋಕ್ಲೇವ್, ಆಕ್ಸಿಜನ್, ಹಾವು, ಹೆರಿಗೆ

ಮಾನದಂಡದ ಪುಸ್ತಕ ಓದಿದರೆ ಎಲ್ಲವೂ ಸರಳ ಎನಿಸುತ್ತದೆ. ಎಡವುವುದು ಎಲ್ಲಿ ಎಂದು ತಿಳಿಯಲು ನಾಲ್ಕು ಜಾಗಗಳನ್ನು ಹತ್ತಿರದಿಂದ ನೋಡಬೇಕು.

ಮೊದಲನೆಯದು ಆಟೋಕ್ಲೇವ್, ಎಂದರೆ ಒತ್ತಡದ ಉಗಿಯಲ್ಲಿ ಸಲಕರಣೆಯ ಕ್ರಿಮಿ ಕೊಲ್ಲುವ ಯಂತ್ರ. ಸಾಮಾನ್ಯ ಆಟೋಕ್ಲೇವಿನಲ್ಲಿ ಬಟ್ಟೆ ಸುತ್ತಿದ ಸಲಕರಣೆಗೆ 121 ಡಿಗ್ರಿ ಸೆಲ್ಸಿಯಸ್, 15 ಪೌಂಡ್ ಒತ್ತಡ, 30 ನಿಮಿಷ. ಗಡಿಯಾರ ನೋಡಬೇಕಾದದ್ದು ಸ್ವಿಚ್ ಹಾಕಿದ ಕ್ಷಣದಿಂದ ಅಲ್ಲ, ಉಷ್ಣಾಂಶ 121 ಮುಟ್ಟಿದ ಮೇಲೆ. ಒಳಗಿನ ಗಾಳಿ ಪೂರ್ತಿ ಹೊರಹೋಗದಿದ್ದರೆ ಒತ್ತಡದ ಮುಳ್ಳು 15 ತೋರಿಸುತ್ತಿದ್ದರೂ ಗಂಟಿನ ನಡುವೆ ಉಷ್ಣಾಂಶ ಏರಿರುವುದಿಲ್ಲ. ಬಟ್ಟೆ-ಸಲಕರಣೆ ತುಂಬಿಡುವ ಡ್ರೆಸ್ಸಿಂಗ್ ಡ್ರಮ್ಮಿನ ಪಕ್ಕದ ಕಿಂಡಿಗಳನ್ನು ತೆರೆಯದೆ ಒಳಗಿಟ್ಟರೆ ಉಗಿ ಒಳಹೋಗುವುದೇ ಇಲ್ಲ. ಹೊರತೆಗೆದ ಮೇಲೆ ಕಿಂಡಿ ಮುಚ್ಚಲು ಮರೆತರೆ ಶುದ್ಧವಾದದ್ದು ಮತ್ತೆ ಕೆಟ್ಟಿತು. ಇದು ಕೇಳಲು ಚಿಕ್ಕ ಮಾತು, ಆದರೆ ಸಿಸೇರಿಯನ್ ಹೊಲಿಗೆ ಕೀವಾಗುವುದರ ಹಿಂದೆ ಈ ಚಿಕ್ಕ ಮಾತು ಇರಬಹುದು.

ಡ್ರಮ್ಮಿಗೆ ಅಂಟಿಸಿದ ಟೇಪು ಕಪ್ಪಾಯಿತೆಂದರೆ ಕ್ರಿಮಿ ಸತ್ತವು ಎಂದು ತಿಳಿಯುವುದು ತುಂಬ ಸಾಮಾನ್ಯವಾದ ತಪ್ಪು. ಹೊರಗಿನ ಟೇಪು ಹೇಳುವುದು "ಈ ಗಂಟು ಯಂತ್ರದೊಳಗೆ ಹೋಗಿಬಂದಿದೆ" ಎಂದಷ್ಟೇ. ಗಂಟಿನ ಒಳಗೆ ಇಡುವ ರಾಸಾಯನಿಕ ಪಟ್ಟಿ ಸಮಯ, ಉಷ್ಣಾಂಶ, ಉಗಿ ಮೂರನ್ನೂ ತೋರಿಸುತ್ತದೆ. ಸುಲಭಕ್ಕೆ ಸಾಯದ ಜೀವಾಣುಗಳನ್ನು ಗಂಟಿನ ಜೊತೆ ವಾರಕ್ಕೊಮ್ಮೆ ಇಟ್ಟು ನೋಡುವ ಸ್ಪೋರ್ ಪರೀಕ್ಷೆ ಒಂದೇ ನಿಜವಾಗಿ ಜೀವಾಣು ಸತ್ತಿತೇ ಎಂಬುದನ್ನು ಹೇಳುತ್ತದೆ. ಆ ಪರೀಕ್ಷೆ ಫೇಲಾದರೆ ಆ ಲೋಡಿನ ಗಂಟುಗಳನ್ನೆಲ್ಲ ವಾಪಸ್ ತರಿಸಬೇಕು. ಯಾವ ಗಂಟು ಯಾವ ರೋಗಿಗೆ ಹೋಯಿತು? ಗಂಟಿನ ಮೇಲೆ ಲೋಡ್ ನಂಬರು, ತಾರೀಕು, ಸಹಿ ಇದ್ದು, ಅದೇ ನಂಬರು ಕೇಸ್ ಶೀಟಿನಲ್ಲೂ ಇದ್ದರೆ ಮಾತ್ರ ಗೊತ್ತಾಗುತ್ತದೆ. ಲೇಬಲ್ ಹಚ್ಚುವುದು ಕಾಗದದ ಕಾಟ ಎಂದು ಬೇಸರಪಡುವ ಸಿಬ್ಬಂದಿಗೆ ಈ ಒಂದು ಕಾರಣ ತಿಳಿಸಿ ಹೇಳಿದರೆ ಬೇಸರ ಕಡಿಮೆಯಾಗುತ್ತದೆ.

ಕರಾವಳಿಗೆ ಇದರಲ್ಲಿ ತನ್ನದೇ ತೊಂದರೆ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಹಸಿ. ಉಗಿ ಬಿಟ್ಟ ಮೇಲೆ ಒಣಗಲು ಬಿಡಬೇಕಾದ ಇಪ್ಪತ್ತು-ಮೂವತ್ತು ನಿಮಿಷವನ್ನು ಅವಸರಕ್ಕೆ ಬಿದ್ದು ಕತ್ತರಿಸಿದರೆ ಗಂಟು ಒದ್ದೆಯಾಗಿಯೇ ಹೊರಬರುತ್ತದೆ. ಒದ್ದೆ ಬಟ್ಟೆಯ ಮೂಲಕ ಕ್ರಿಮಿ ಒಳಗೆ ಇಳಿಯುತ್ತದೆ, ಆದ್ದರಿಂದ ಒದ್ದೆ ಗಂಟು ಶುದ್ಧವಲ್ಲ ಎಂಬುದೇ ನಿಯಮ. ಸಮುದ್ರದ ಉಪ್ಪುಗಾಳಿಗೆ ಕತ್ತರಿ, ಫೋರ್ಸೆಪ್ಸಿನ ಕೀಲುಗಳು ಬೇಗ ತುಕ್ಕು ಹಿಡಿಯುತ್ತವೆ, ತುಕ್ಕಿನ ಸಂದಿಯಲ್ಲಿ ರಕ್ತದ ಕಲೆ ಉಳಿಯುತ್ತದೆ. ಬ್ಲೀಚಿಂಗ್ ಪೌಡರಿನ ಚೀಲ ತೆರೆದಿಟ್ಟರೆ ತೇವಕ್ಕೆ ಕ್ಲೋರಿನ್ ಹಾರಿಹೋಗುತ್ತದೆ. ಶೇ 30 ಕ್ಲೋರಿನ್ ಇರುವ ಪುಡಿ ಲೀಟರಿಗೆ 33 ಗ್ರಾಂ ಹಾಕಿದರೆ ಶೇ 1ರ ದ್ರಾವಣ ಆಗುತ್ತದೆ ಎಂಬ ಲೆಕ್ಕ ಹೊಸ ಪುಡಿಗೆ ಸರಿ. ತೇವ ಹಿಡಿದು ಹೆಂಟೆಗಟ್ಟಿದ ಪುಡಿಗೆ ಆ ಲೆಕ್ಕ ನಡೆಯುವುದಿಲ್ಲ. ಅದಕ್ಕೇ ಬಿಗಿ ಮುಚ್ಚಳದ ಡಬ್ಬಿ, ದಿನದಿನದ ಹೊಸ ದ್ರಾವಣ, ಬಕೆಟಿನ ಮೇಲೆ ತಯಾರಿಸಿದ ಹೊತ್ತು.

ಎರಡನೆಯದು ಆಂಬುಲೆನ್ಸಿನ ಆಕ್ಸಿಜನ್. ಬಿ ಟೈಪ್ ಸಿಲಿಂಡರ್ ತುಂಬಿದ್ದಾಗ ಅದರಲ್ಲಿ ಸುಮಾರು 1,500 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ 10 ಲೀಟರಿನಂತೆ ಬಿಟ್ಟರೆ 150 ನಿಮಿಷ, ಎಂದರೆ ಎರಡೂವರೆ ತಾಸು. ಕಾರವಾರದಿಂದ ಮಣಿಪಾಲಕ್ಕೆ ಮೂರೂವರೆ ತಾಸಿಗೂ ಮೇಲೆ ಬೇಕು. ಗೇಜಿನ ಮುಳ್ಳು ಅರ್ಧಕ್ಕಿದ್ದರೆ 75 ನಿಮಿಷ, ಗಾಡಿ ಹೊನ್ನಾವರದ ಶರಾವತಿ ಸೇತುವೆ ಹತ್ತಿರ ಬರುವಷ್ಟರಲ್ಲಿ ಖಾಲಿ. ಬೇಕಾದ ಲೀಟರ್ ಎಷ್ಟೆಂದು ಕಂಡುಕೊಳ್ಳಲು ನಿಮಿಷದ ಹರಿವನ್ನು ದಾರಿಯ ನಿಮಿಷದಿಂದ ಗುಣಿಸಿ, ಟ್ರಾಫಿಕ್ಕು-ಮಳೆಗೆಂದು ಅದರ ಅರ್ಧ ಮತ್ತೆ ಸೇರಿಸಬೇಕು. 10 ಲೀಟರ್, 220 ನಿಮಿಷ ಎಂದರೆ 2,200. ಅರ್ಧ ಸೇರಿಸಿ 3,300. ಮೂರು ತುಂಬಿದ ಬಿ ಟೈಪ್ ಬೇಕು. ಈ ಗುಣಾಕಾರದ ಚೀಟಿಯನ್ನು ಮಣಿಪಾಲ, ಬಾಂಬೋಲಿಂ, ಹುಬ್ಬಳ್ಳಿ ಮೂರು ದಾರಿಗೂ ಮಾಡಿ ಕ್ಯಾಶುವಾಲಿಟಿಯ ಗೋಡೆಗೆ ಅಂಟಿಸಲು ಖರ್ಚೇನೂ ಇಲ್ಲ. ಅದರ ಜೊತೆಗೆ ಸಿಲಿಂಡರ್ ತೆರೆಯುವ ಕೀಲಿ ಗಾಡಿಯಲ್ಲಿಯೇ ಕಟ್ಟಿರಬೇಕು.

ಕಳಿಸುವ ಪತ್ರದಲ್ಲೂ ಇದೇ ಮಾತು. ರೋಗಿ ಬಂದ ಹೊತ್ತು, ಕೊಟ್ಟ ಔಷಧ ಮತ್ತು ಕೊಟ್ಟ ಹೊತ್ತು, ಹೊರಡುವಾಗಿನ ನಾಡಿ, ಬಿಪಿ, ರಕ್ತದ ಗುಂಪು, ಆ ಕಡೆಯ ಆಸ್ಪತ್ರೆಯಲ್ಲಿ ಯಾರೊಡನೆ ಫೋನಿನಲ್ಲಿ ಮಾತಾಯಿತು. ಬಿಪಿ ಏರಿ ಫಿಟ್ಸ್ ಬಂದ ಗರ್ಭಿಣಿಯನ್ನು ಫಿಟ್ಸ್ ತಡೆಯುವ ಮೆಗ್ನೀಷಿಯಂ ಸಲ್ಫೇಟಿನ ಮೊದಲ ಡೋಸ್ ಕೊಡದೆ ಗಾಡಿ ಹತ್ತಿಸುವಂತಿಲ್ಲ. ಎರಡೂ ಪೃಷ್ಠಕ್ಕೆ ತಲಾ 5 ಗ್ರಾಂ, ಎಂದರೆ 1 ಗ್ರಾಮಿನ ಹತ್ತು ಆಂಪೂಲ್. ತುರ್ತು ಟ್ರೇಯಲ್ಲಿ ನಾಲ್ಕೇ ಇದ್ದರೆ ಔಷಧ ಇದೆ ಎಂದು ಗುರುತು ಹಾಕುವುದು ಸರಿಯಲ್ಲ.

ಮೂರನೆಯದು ಹಾವು ಕಡಿತ, ಅಲ್ಲೂ ಹಾಗೆಯೇ. ಅಡಿಕೆ ತೋಟ, ಗದ್ದೆ, ಬೆಟ್ಟದ ಸೊಪ್ಪು ಎಂದು ಓಡಾಡುವ ನಮ್ಮ ಜನರಿಗೆ ಕೊಳಕುಮಂಡಲದ ಕಡಿತ ಅಪರೂಪದ್ದಲ್ಲ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ವಿಷ ರಕ್ತಕ್ಕೆ ಏರಿದೆಯೇ ಎಂದು ನೋಡಲು ಬೇಕಾದದ್ದು ಒಂದು ಗಾಜಿನ ಟೆಸ್ಟ್‌ಟ್ಯೂಬು ಮತ್ತು ಗಡಿಯಾರ. 2 ಮಿಲಿಲೀಟರ್ ರಕ್ತ ತೆಗೆದು, ಹೊಸದಾದ, ಒಣಗಿದ ಗಾಜಿನ ಕೊಳವೆಯಲ್ಲಿ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು, ಆಮೇಲೆ ಒಮ್ಮೆ ಬಾಗಿಸಿ ನೋಡಬೇಕು. ಹೆಪ್ಪುಗಟ್ಟದಿದ್ದರೆ ವಿಷ ಏರಿದೆ. ಸೋಪಿನಿಂದ ತೊಳೆದ ಕೊಳವೆಯನ್ನೇ ಮತ್ತೆ ಬಳಸಿದರೆ, ಪ್ಲಾಸ್ಟಿಕ್ ಕೊಳವೆಗೆ ಹಾಕಿದರೆ, ವಿಷವಿಲ್ಲದ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ಆಗ ಬೇಡದವರಿಗೆ ಪ್ರತಿವಿಷ ಹೋಗುತ್ತದೆ, ಅಲರ್ಜಿಯ ಅಪಾಯವೂ ಜೊತೆಗೆ. ಹತ್ತು ನಿಮಿಷಕ್ಕೇ ಅಲುಗಾಡಿಸಿ ನೋಡಿದರೂ ಫಲಿತಾಂಶ ಕೆಡುತ್ತದೆ. ಪ್ರತಿವಿಷದ ಮೊದಲ ಡೋಸ್ ಸಾಮಾನ್ಯವಾಗಿ 10 ವಾಯಲ್ (ಸೀಸೆ), ಪಕ್ಕದಲ್ಲಿ ಅಲರ್ಜಿಯಾದರೆ ಕೊಡಲು ಅಡ್ರಿನಲಿನ್ ಸಿರಿಂಜಿಗೆ ಎಳೆದು ಸಿದ್ಧ, ಆರು ತಾಸಿಗೆ ಮತ್ತೆ ಅದೇ ಪರೀಕ್ಷೆ. ಮೂರು ವಾಯಲ್ ಸ್ಟಾಕ್ ಇದ್ದರೆ ಒಬ್ಬ ರೋಗಿಗೂ ಸಾಲದು. ಇಲ್ಲಿ ಇನ್ನೊಂದು ಮಾತು ಸೇರಿಸಬೇಕು: ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಪಶ್ಚಿಮ ಘಟ್ಟದ ಹಂಪ್-ನೋಸ್ಡ್ ಪಿಟ್ ವೈಪರ್ ಕಡಿದರೆ ಅದು ಕೆಲಸ ಮಾಡುವುದಿಲ್ಲ. ಅಂಥವರಿಗೆ ವಾಯಲ್ ಮೇಲೆ ವಾಯಲ್ ಏರಿಸುತ್ತ ಕೂರದೆ, ಮೂತ್ರ ಎಷ್ಟು ಬರುತ್ತಿದೆ ಎಂದು ಗಮನಿಸಿ ಡಯಾಲಿಸಿಸ್ ಇರುವಲ್ಲಿಗೆ ಬೇಗ ಕಳಿಸಬೇಕು. ಘಟ್ಟದ ಮೇಲಿನ ಆಸ್ಪತ್ರೆಗಳ ಚಿಕಿತ್ಸಾ ಕ್ರಮದಲ್ಲಿ ಈ ಸಾಲು ಇರಲೇಬೇಕು.

ಕೊನೆಯದು ಹೆರಿಗೆ ಕೋಣೆಯ ಪಾರ್ಟೋಗ್ರಾಫ್. ಗರ್ಭಕೊರಳು 4 ಸೆಂಟಿಮೀಟರ್ ತೆರೆದ ಮೇಲೆ ಅರ್ಧ ತಾಸಿಗೊಮ್ಮೆ ಮಗುವಿನ ಹೃದಯ ಬಡಿತ, ನೋವಿನ ಲೆಕ್ಕ, ನಾಲ್ಕು ತಾಸಿಗೊಮ್ಮೆ ಒಳಪರೀಕ್ಷೆ ಗುರುತು ಹಾಕುತ್ತ ಹೋಗುವ ನಕ್ಷೆ ಅದು. ಗೆರೆ ಎಚ್ಚರಿಕೆಯ ರೇಖೆ ದಾಟಿ ಬಲಕ್ಕೆ ಸರಿಯಿತೆಂದರೆ ಹೆರಿಗೆ ನಿಧಾನವಾಗುತ್ತಿದೆ, ಈಗಲೇ ತೀರ್ಮಾನ ಮಾಡಿ ಎಂದು ಅರ್ಥ. ಸಿದ್ದಾಪುರದಿಂದಲೋ ಮುಂಡಗೋಡದಿಂದಲೋ ಕಳಿಸಬೇಕಾದರೆ ಆ ಮುಂಚಿನ ಎಚ್ಚರಿಕೆಯೇ ತಾಯಿ-ಮಗುವನ್ನು ಉಳಿಸುವುದು. ಆದರೆ ಬಹಳ ಕಡೆ ಇದನ್ನು ತುಂಬುವುದು ಹೆರಿಗೆ ಆದ ಮೇಲೆ, ಒಂದೇ ಕೂತಲ್ಲಿ. ಎಲ್ಲ ಚುಕ್ಕಿಯೂ ಒಂದೇ ಶಾಯಿ, ಬಡಿತ ಎಲ್ಲ ಹೊತ್ತಿಗೂ 140, ಗೆರೆ ಸ್ಕೇಲಿಟ್ಟು ಎಳೆದಷ್ಟು ನೇರ. ಅನುಭವಿ ತಪಾಸಕರು ಅಂಥ ಹಾಳೆಯನ್ನು ಕಂಡೊಡನೆ ಗುರುತಿಸುತ್ತಾರೆ. ಇದಕ್ಕೆ ಸಿಸ್ಟರನ್ನು ಬೈದು ಫಲವಿಲ್ಲ. ಒಬ್ಬರೇ ಸಿಸ್ಟರ್ ಮೂರು ಹೆರಿಗೆ ನೋಡುತ್ತ, ನಡುವೆ ವಾರ್ಡಿನ ಡ್ರಿಪ್ ಬದಲಿಸಲು ಓಡುವ ರಾತ್ರಿಯಲ್ಲಿ ನಕ್ಷೆ ಹಿಂದೆ ಬೀಳುತ್ತದೆ. ಗುಣಮಟ್ಟದ ಸಮಿತಿ ನೋಡಬೇಕಾದದ್ದು ಪಾಳಿಯ ಹಂಚಿಕೆಯನ್ನು. ಹೆರಿಗೆಯಾದ ಒಂದು ನಿಮಿಷದೊಳಗೆ, ರಕ್ತಸ್ರಾವ ತಡೆಯಲು ಕೊಡುವ 10 ಯೂನಿಟ್ ಆಕ್ಸಿಟೋಸಿನ್ ಕಥೆಯೂ ಇಂಥದ್ದೇ. ಅದು 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಔಷಧ. ಫ್ರಿಜ್ ದೂರದ ಕೋಣೆಯಲ್ಲಿದ್ದರೆ ಆಂಪೂಲುಗಳು ದಿನವಿಡೀ ಟ್ರೇಯಲ್ಲಿ ಬೆಚ್ಚಗೆ ಕೂತು ಶಕ್ತಿ ಕಳೆದುಕೊಳ್ಳುತ್ತವೆ, ಇಂಜೆಕ್ಷನ್ ಕೊಟ್ಟರೂ ರಕ್ತ ನಿಲ್ಲುವುದಿಲ್ಲ. ಹೆರಿಗೆ ಕೋಣೆಯಲ್ಲೇ ಒಂದು ಪುಟ್ಟ ಫ್ರಿಜ್, ದಿನಕ್ಕೆರಡು ಸಲ ಉಷ್ಣಾಂಶದ ಬರಹ, ಕರೆಂಟ್ ಹೋದರೆ ಐಸ್‌ಪ್ಯಾಕ್. ಇಷ್ಟಕ್ಕೆ ಸರಿಹೋಗುತ್ತದೆ.

ತಪಾಸಣೆಯ ಹಿಂದಿನ ವಾರ

ಮಾನ್ಯತೆಯ ಬಗ್ಗೆ ವೈದ್ಯರಲ್ಲೇ ಅಪನಂಬಿಕೆ ಇದೆ, ಅದಕ್ಕೆ ಕಾರಣವೂ ಇದೆ. ತಪಾಸಣೆಯ ತಾರೀಕು ಗೊತ್ತಾದ ಮೇಲೆ ಸುಣ್ಣಬಣ್ಣ, ಹೊಸ ಪರದೆ, ಹೊಸ ಬಕೆಟು, ಹಿಂದಿನ ತಾರೀಕು ಹಾಕಿ ತುಂಬಿದ ರಿಜಿಸ್ಟರು. ತಂಡ ಹೋದ ವಾರಕ್ಕೆ ಕೈತೊಳೆಯುವ ಸೋಪು ಮಾಯ. ಹಣ ಕೊಟ್ಟು ಸಲಹೆಗಾರರಿಂದ ತರಿಸಿದ ಸಿದ್ಧ ಕೈಪಿಡಿಯ ಒಳಪುಟದಲ್ಲಿ ಬೇರೆ ಆಸ್ಪತ್ರೆಯ ಹೆಸರು ಹಾಗೆಯೇ ಉಳಿದಿರುವುದೂ ಉಂಟು. ಮಾನ್ಯತೆಯಿಂದ ಕೆಲಸದ ಕ್ರಮ ಸುಧಾರಿಸುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಗುತ್ತದೆ. ಸಾವು-ನೋವು ಅಷ್ಟೇ ಕಡಿಮೆಯಾಗುತ್ತದೆ ಎಂಬುದಕ್ಕೆ ಮಿಶ್ರ ಉತ್ತರ. ಪ್ರಮಾಣಪತ್ರಕ್ಕಾಗಿ ಮಾಡಿದ ಕೆಲಸಕ್ಕೂ ಅಭ್ಯಾಸವಾಗಿ ಹೋದ ಕೆಲಸಕ್ಕೂ ಇರುವ ವ್ಯತ್ಯಾಸ ಈ ಮಿಶ್ರ ಉತ್ತರದ ಹಿಂದೆ ಇದೆ ಎಂದು ನಮ್ಮ ಅನಿಸಿಕೆ.

ವ್ಯತ್ಯಾಸ ಪತ್ತೆಹಚ್ಚಲು ಒಂದು ದಾರಿ ಸೋಂಕಿನ ರಿಜಿಸ್ಟರ್. ವರ್ಷವಿಡೀ ಆಪರೇಷನ್ ಗಾಯದ ಸೋಂಕು ಸೊನ್ನೆ ಎಂದು ಬರೆದಿದ್ದರೆ ಸಂಶಯ ಪಡಬೇಕು. ಗಾಯ ಕೀವಾಗುವುದು ಹೆಚ್ಚಾಗಿ ಮನೆಗೆ ಹೋದ ಮೇಲೆ, 30 ದಿನದವರೆಗೂ. ಹೊಲಿಗೆ ಬಿಚ್ಚಲು ಬಂದಾಗ ನೋಡಿ ಬರೆಯದಿದ್ದರೆ, ಫೋನ್ ಮಾಡಿ ಕೇಳದಿದ್ದರೆ ಸೊನ್ನೆಯೇ ಬರುತ್ತದೆ. ನೂರು ಆಪರೇಷನ್ನಿನಲ್ಲಿ ಮೂರು ಸೋಂಕು ಎಂದು ಪ್ರಾಮಾಣಿಕವಾಗಿ ಬರೆದು, ಮೂರಕ್ಕೂ ಕಾರಣ ಹುಡುಕಿದ ಆಸ್ಪತ್ರೆಯೇ ಹೆಚ್ಚು ನಂಬಿಕೆಗೆ ಅರ್ಹ. ತಪ್ಪು ಇಂಜೆಕ್ಷನ್ ಹೋದದ್ದನ್ನು ಬರೆದವರಿಗೆ ನೋಟಿಸ್ ಕೊಡುವ ಕಡೆ ಯಾರೂ ಬರೆಯುವುದಿಲ್ಲ. ಬರೆಯದಿದ್ದರೆ ಮುಂದಿನ ತಿಂಗಳು ಅದೇ ತಪ್ಪು ಮರುಕಳಿಸುತ್ತದೆ.

ರೋಗಿಯ ಹಕ್ಕಿನ ವಿಭಾಗದಲ್ಲಿ ನಮ್ಮ ಜಿಲ್ಲೆಗೆ ವಿಶೇಷವಾದ ಕೊರತೆ ಭಾಷೆಯದು. ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಜೋಯಿಡಾದ ಕುಣಬಿಯರ ಮನೆಮಾತು ಬೇರೆ, ಗೌಳಿಗರದು ಬೇರೆ. ಇಂಗ್ಲಿಷಿನ ಒಪ್ಪಿಗೆ ಪತ್ರದಲ್ಲಿ ಖಾಲಿ ಜಾಗಕ್ಕೇ ಹೆಬ್ಬೆಟ್ಟು ಹಾಕಿಸಿಕೊಳ್ಳುವುದು ಒಪ್ಪಿಗೆಯಲ್ಲ. ಕನ್ನಡದಲ್ಲಿ ಮುದ್ರಿಸಿ, ಆಯಾ ಮಾತು ಬಲ್ಲ ಸಿಬ್ಬಂದಿ ವಿವರಿಸಿ, ವಿವರಿಸಿದವರ ಹೆಸರನ್ನೂ ಬರೆಯಬೇಕು.

ಶುರುಮಾಡುವುದು ಎಲ್ಲಿಂದ

ಎಲ್ಲ ವಿಭಾಗಕ್ಕೂ ಒಟ್ಟಿಗೆ ಕೈಹಾಕಿದ ಆಸ್ಪತ್ರೆ ಮೂರು ತಿಂಗಳಿಗೆ ಸುಸ್ತಾಗುತ್ತದೆ. ಮೊದಲು ಹೆರಿಗೆ ಕೋಣೆ ಮತ್ತು ಕ್ಯಾಶುವಾಲಿಟಿ ಎರಡನ್ನೇ ಹಿಡಿಯುವುದು ಲೇಸು. ಆಯಾ ವಿಭಾಗದ ಚೆಕ್‌ಲಿಸ್ಟ್ ಹಿಡಿದು ಪಕ್ಕದ ವಿಭಾಗದವರು ಅಂಕ ಹಾಕಬೇಕು. ತಮ್ಮ ಮನೆಗೆ ತಾವೇ ಅಂಕ ಹಾಕಿಕೊಂಡರೆ ಶೇ 90 ಬರುತ್ತದೆ. ಸಿಕ್ಕ ಕೊರತೆಗಳನ್ನು ಮೂರು ಗುಂಪು ಮಾಡಿ: ಹಣವಿಲ್ಲದೆ ನಾಳೆಯೇ ಸರಿಪಡಿಸಬಹುದಾದದ್ದು, ಆಸ್ಪತ್ರೆಯ ಸ್ಥಳೀಯ ಸಮಿತಿಯಾದ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಆಗುವಂಥದ್ದು, ಬೆಂಗಳೂರಿನಿಂದಲೇ ಬರಬೇಕಾದದ್ದು. ಪ್ರತಿಯೊಂದರ ಮುಂದೆ ಒಬ್ಬರ ಹೆಸರು, ಒಂದು ತಾರೀಕು. ಮೊದಲ ಗುಂಪಿನ ಪಟ್ಟಿ ಎಲ್ಲರ ನಿರೀಕ್ಷೆಗಿಂತ ಉದ್ದವಿರುತ್ತದೆ. ಕ್ರಾಶ್ ಕಾರ್ಟಿನ (ತುರ್ತು ಔಷಧ-ಸಲಕರಣೆಯ ಗಾಡಿ) ದಿನದ ತಪಾಸಣೆ, ಉಸಿರುನಳಿಗೆ ಕೊಳವೆ ಹಾಕಲು ಬೇಕಾದ ಲ್ಯಾರಿಂಗೋಸ್ಕೋಪಿನ ಬ್ಯಾಟರಿ, ಅವಧಿ ಮುಗಿಯುವ ಔಷಧ ಮುಂದಕ್ಕಿಡುವುದು, ತಪ್ಪಿ ಕೊಟ್ಟರೆ ಪ್ರಾಣಕ್ಕೇ ಅಪಾಯವಾದ ಪೊಟಾಷಿಯಂ ಕ್ಲೋರೈಡನ್ನು ಬೇರೆ ಆಂಪೂಲುಗಳಿಂದ ಬೇರ್ಪಡಿಸಿ ಬೀಗ ಹಾಕುವುದು, ವಾರಕ್ಕೊಮ್ಮೆ ಕರೆಂಟ್ ತೆಗೆದು ಜನರೇಟರ್ ಎಷ್ಟು ಸೆಕೆಂಡಿಗೆ ಏಳುತ್ತದೆಂದು ನೋಡುವುದು, ಎಲ್ಲ ಇದರಲ್ಲೇ ಬರುತ್ತವೆ. ಜೈವಿಕ ತ್ಯಾಜ್ಯ 48 ತಾಸಿಗಿಂತ ಹೆಚ್ಚು ಇಡುವಂತಿಲ್ಲ ಎಂಬ ನಿಯಮಕ್ಕೆ ಮಳೆಗಾಲದಲ್ಲಿ ದಾರಿ ಮುಚ್ಚಿದರೆ ಏನು ಮಾಡುವುದು ಎಂಬುದನ್ನೂ ಮೇ ತಿಂಗಳಲ್ಲೇ ಬರೆದಿಡಬೇಕು.

ಖಾಲಿ ಹುದ್ದೆಗಳನ್ನು ಚೆಕ್‌ಲಿಸ್ಟ್ ತುಂಬುವುದಿಲ್ಲ. ಅರಿವಳಿಕೆ ತಜ್ಞರಿಲ್ಲದ ತಾಲೂಕು ಆಸ್ಪತ್ರೆಯಲ್ಲಿ ಎಷ್ಟೇ ಶಿಸ್ತಿದ್ದರೂ ಮಧ್ಯರಾತ್ರಿಯ ಸಿಸೇರಿಯನ್ ಆಗುವುದಿಲ್ಲ. ತರಬೇತಿ ಪಡೆದ ಗುತ್ತಿಗೆ ಸಿಸ್ಟರ್ ವರ್ಷದೊಳಗೆ ಬಿಟ್ಟುಹೋದರೆ ತರಬೇತಿಯೂ ಹೋಯಿತು. ಇದನ್ನು ಮುಚ್ಚಿಟ್ಟು ಅಂಕ ಏರಿಸುವ ಒತ್ತಡ ಬಂದರೆ ಅಧಿಕಾರಿಗಳು ಬಲವಾಗಿ ವಿರೋಧಿಸಬೇಕು. ಕೊರತೆ ಅಂಕಪಟ್ಟಿಯಲ್ಲಿ ಸೊನ್ನೆಯಾಗಿ ಕಂಡರೇ ಅದಕ್ಕೆ ಬೆಲೆ.

ಕುಮಟಾ, ಶಿರಸಿ, ಹೊನ್ನಾವರದ ಸಣ್ಣ ನರ್ಸಿಂಗ್ ಹೋಮುಗಳಿಗೆ ಇದು ದೊಡ್ಡವರ ಆಟ ಎನಿಸಬೇಕಿಲ್ಲ. 50 ಹಾಸಿಗೆವರೆಗಿನ ಸಂಸ್ಥೆಗಳಿಗೆ ಎನ್‌ಎಬಿಎಚ್‌ನಲ್ಲಿ ಪ್ರತ್ಯೇಕ ಮಾನದಂಡವಿದೆ, ಅದಕ್ಕೂ ಕೆಳಗೆ ಪ್ರವೇಶ ಮಟ್ಟದ ಪ್ರಮಾಣಪತ್ರವಿದೆ. ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಲ್ಲಿ ಮಾನ್ಯತೆ ಇಲ್ಲದ ಆಸ್ಪತ್ರೆಗೆ ದರ ಶೇ 15 ಕಡಿಮೆ, ಆದ್ದರಿಂದ ಲೆಕ್ಕದ ದೃಷ್ಟಿಯಿಂದಲೂ ಯೋಚಿಸಬಹುದು.

ಊರಿನವರು ಕೇಳಬೇಕಾದದ್ದು ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ. ಹೊಸ ಕಟ್ಟಡದ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ. ವಿಭಾಗವಾರು ಕಳೆದ ಅಂಕ ಎಷ್ಟು, ಎದೆನೋವಿನವರು ಬಂದು ಇಂಜೆಕ್ಷನ್ ಆಗಲು ಎಷ್ಟು ನಿಮಿಷ ಹಿಡಿಯಿತು ಎಂದು ಯಾರಾದರೂ ಕೇಳಬೇಕು. ಅದರ ಜೊತೆಗೆ ರೆಫರಲ್ ರಿಜಿಸ್ಟರ್ ತರಿಸಿ ನೋಡಬೇಕು. ಅದರ ಕಾರಣದ ಕಾಲಂನಲ್ಲಿ "ಉನ್ನತ ಚಿಕಿತ್ಸೆಗಾಗಿ" ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಸರ್ಜನ್ ಇರಲಿಲ್ಲವೋ, ರಕ್ತ ಇರಲಿಲ್ಲವೋ, ಸಿಟಿ ಸ್ಕ್ಯಾನ್ ಕೆಟ್ಟಿತ್ತೋ, ವೆಂಟಿಲೇಟರ್ ಇದ್ದೂ ನಡೆಸುವವರು ಇರಲಿಲ್ಲವೋ ಎಂದು ಒಂದೊಂದು ಕೇಸಿಗೂ ಬರೆಯಬೇಕು. ಹನ್ನೆರಡೂ ತಾಲೂಕಿನ ಒಂದು ವರ್ಷದ ಆ ಕಾಲಂ ಕೂಡಿಸಿದರೆ ಎಷ್ಟು ಮಂದಿಗೆ ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾಥ್‌ಲ್ಯಾಬ್ ಬೇಕಿತ್ತು, ಎಷ್ಟು ಮಂದಿಗೆ ನ್ಯೂರೋ ಸರ್ಜನ್, ಎಷ್ಟು ಶಿಶುಗಳಿಗೆ ವೆಂಟಿಲೇಟರ್, ಎಷ್ಟು ಮಂದಿಯನ್ನು ಇಲ್ಲಿಯೇ ಉಳಿಸಿಕೊಳ್ಳಬಹುದಿತ್ತು ಎಂಬ ಲೆಕ್ಕ ಸಿಗುತ್ತದೆ. ಜಿಲ್ಲೆ ಕೇಳುತ್ತಿರುವ ದೊಡ್ಡ ಆಸ್ಪತ್ರೆಯಲ್ಲಿ ಯಾವ ವಿಭಾಗ ಮೊದಲು ತೆರೆಯಬೇಕು, ಎಷ್ಟು ಹಾಸಿಗೆ ಇರಬೇಕು ಎಂಬುದನ್ನು ಆ ಲೆಕ್ಕದ ಮೇಲೆ ಸರ್ಕಾರದ ಮುಂದೆ ಇಡಬಹುದು.